ಇನ್ನೂರೈವತ್ತೈದು

ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಗುಡ್ಡದ ಮೆಟ್ಟಿಲು ಗದ್ದೆಗಳಲ್ಲಿ ಪೈರು ಮೊಣಕಾಲೆತ್ತರ ಬಂದಿತ್ತು. ಗದ್ದೆಗಳ ನಡುವಿನ ಇಳಿಜಾರಿನಲ್ಲಿ ಹುಲ್ಲು ಸೊಂಟದವರೆಗೆ ಎದ್ದಿತ್ತು. ಭಾನುವಾರ ಹುಲ್ಲು ಕೊಯ್ಯುವ ದಿನ, ಮನೆಗೊಂದು ಆಳು. ಜಪಾನಿನ ಶಿಮಾನೆಯ ಆ ಕಣಿವೆಯಲ್ಲಿ ಉಳಿದಿದ್ದು ಹನ್ನೊಂದು ಮನೆ. ಶನಿವಾರ ಸಂಜೆ ಎಲ್ಲ ಅಂಗಳಗಳಲ್ಲೂ ಹುಲ್ಲು ಕೊಯ್ಯುವ ಯಂತ್ರದ ಬ್ಲೇಡು ಮಸೆಯುವ ಸದ್ದು.

ಕತ್ಸುಮಿಯ ಕೊಟ್ಟಿಗೆಯಲ್ಲಿ ಮಾತ್ರ ಬೆಸುಗೆಯ ಹೊಗೆ. ಪೇಟೆಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸರ್ಕ್ಯೂಟ್ ಬೋರ್ಡು ಬೆಸೆದವನು ಅವನು. ನಿವೃತ್ತನಾದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟಿದ್ದ ಮೈಕ್ರೋಕಂಟ್ರೋಲರ್ ಬೋರ್ಡು. ಪಕ್ಕದಲ್ಲಿ ಒಂದೇ ಕೈಯಲ್ಲಿ ಹಿಡಿಯುವ ಗೇಮ್ ಕಂಟ್ರೋಲರ್. ಹೆಬ್ಬೆರಳಿಗೊಂದು ಪುಟ್ಟ ಕೋಲು, ತೋರುಬೆರಳಿಗೆ ಎರಡು ಗುಂಡಿ, ಬಾಲದಂತೆ ಒಂದು ವೈರು. ಮೊರಿಯೊನ ಮೊಮ್ಮಗಳು ಆಡಿ ಬಿಟ್ಟದ್ದು.

ಮೊರಿಯೊ ಎದುರಿಗೇ ಕುಳಿತು ಬಾರ್ಲಿ ಚಹಾ ಕುಡಿಯುತ್ತಿದ್ದ. ಎಪ್ಪತ್ತಾರು ವಯಸ್ಸು. ಚಳಿಗಾಲದಲ್ಲಿ ಟ್ರ್ಯಾಕ್ಟರು ಮಗುಚಿ ಎಡಗಾಲು ಮುರಿದು, ಊರುಗೋಲು ಬಂದಿತ್ತು. ಮೊರಿಯೊನೇ ಕಟ್ಟಿದ ಯಂತ್ರ ಅಂಗಳದಲ್ಲಿತ್ತು: ಕೆಳಗೆ ರಬ್ಬರ್ ಪಟ್ಟಿಯ ಮೇಲೆ ಓಡುವ ಹಳೆಯ ಗಾಡಿ, ಗಾಲಿಕುರ್ಚಿಯಿಂದ ಬಿಚ್ಚಿದ ಮೋಟಾರು, ಮುಂದೆ ಪೆಟ್ರೋಲ್ ಎಂಜಿನ್ನಿನ ಬ್ಲೇಡು. ಅದನ್ನು ಮಾತು ಕೇಳುವಂತೆ ಮಾಡುವುದಷ್ಟೇ ಬಾಕಿ.

"ಒಂದು ಕೈಲಿ ಊರುಗೋಲು, ಒಂದು ಕೈಲಿ ಇದು. ಸಾಕಲ್ವಾ ಕತ್ಸು?"

"ಸಾಕು."

"ಮೇ ತಿಂಗಳಲ್ಲಿ ನಮ್ಮನೆ ಆಳು ಬರ್ಲಿಲ್ಲ. ಈ ಸಲಾನೂ ಪಾಲು ಮುಗಿಸ್ದೆ ಹೋದ್ರೆ ನೀರಿನ ಸರದಿ ಹೋಗುತ್ತೆ. ನೀರು ಹೋದ್ಮೇಲೆ ಗದ್ದೆ ಇಟ್ಕೊಂಡು ಏನ್ ಮಾಡ್ಲಿ, ಕಪ್ಪೆ ಸಾಕ್ಲಾ?"

"ನೀವೇ ಬರೆದ ಕಾನೂನು, ಮೊರಿಯೊ-ಸಾನ್."

"ಹೂಂ ಮಾರಾಯ. ಕಾಲು ಮುರಿಯುತ್ತೆ ಅಂತ ಆಗ್ಲೇ ಗೊತ್ತಿದ್ರೆ ಒಂದು ಸಾಲು ಕಮ್ಮಿ ಬರೀತಿದ್ದೆ." ಮೊರಿಯೊ ನಕ್ಕ.

ಕತ್ಸುಮಿ ನಗಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಕೇರಿಯ ಯಜಮಾನಿಕೆ ಮೊರಿಯೊನದು. ಆ ಜುಲೈ ಕತ್ಸುಮಿಯ ಹೆಂಡತಿ ತಮಿಕೊ ಪೇಟೆಯ ಆಸ್ಪತ್ರೆಯಲ್ಲಿದ್ದಳು. ಕತ್ಸುಮಿ ಭಾನುವಾರದ ಕೆಲಸಕ್ಕೆ ಹೋಗಲಿಲ್ಲ. ಸಂಜೆ ಮೊರಿಯೊ ಆಸ್ಪತ್ರೆಗೆ ಬಂದ. ಕೈಯಲ್ಲಿ ಒಂದು ಡಬ್ಬಿ, ಒಳಗೆ ಆರು ಪೀಚ್ ಹಣ್ಣು. ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟು, ತಲೆ ಬಾಗಿಸಿ, ಹೇಳಿದ್ದ: "ಕಾನೂನು ಎಲ್ಲ ಮನೆಗೂ ಒಂದೇ. ನಿನ್ನ ಪಾಲು ಉಳಿದಿದೆ. ನಾಳೆ, ಒಬ್ಬನೇ." ಸೋಮವಾರ ಕತ್ಸುಮಿ ಒಬ್ಬನೇ ಇಳಿಜಾರು ಕೊಯ್ದ. ಎಂಜಿನ್ನಿನ ಗದ್ದಲದಲ್ಲಿ ಜೇಬಿನ ಫೋನು ಕೇಳಿಸಲಿಲ್ಲ. ಅವನು ಬ್ಲೇಡು ನಿಲ್ಲಿಸುವ ಹೊತ್ತಿಗೆ ತಮಿಕೊ ಸತ್ತು ಒಂದು ಗಂಟೆಯಾಗಿತ್ತು. ಶವಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟವನು ಮೊರಿಯೊನೇ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಕತ್ಸುಮಿ ನಾಲ್ಕು ತಂತಿ ಬೆಸೆದು ಕಂಪ್ಯೂಟರಿನ ಪರದೆ ನೋಡಿದ. ಕೋಲು ನಡುವೆ ನಿಂತಾಗ ಬೋರ್ಡು ಓದುವ ಅಂಕಿ ನೂರಿಪ್ಪತ್ತೆಂಟರ ಆಸುಪಾಸು. ಪೂರ್ತಿ ಮುಂದಕ್ಕೆ ಒತ್ತಿದರೆ ಇನ್ನೂರಿಪ್ಪತ್ತು. ಎಷ್ಟು ಬಲವಾಗಿ ಒತ್ತಿದರೂ ಅದರಾಚೆ ಹೆಚ್ಚೇನೂ ಹೋಗದು. ಅವನು ವೈರನ್ನು ಕಿತ್ತ. ಪರದೆಯಲ್ಲಿ ಇನ್ನೂರೈವತ್ತೈದು ಬಂತು. ಮುಂದಕ್ಕೂ ಅಷ್ಟೇ, ಬಲಕ್ಕೂ ಅಷ್ಟೇ. ತಂತಿಯ ಆ ತುದಿಯಲ್ಲಿ ಯಾರೂ ಇಲ್ಲದಾಗ ಬರುವ ಅಂಕಿ ಅದು. ಯಂತ್ರಕ್ಕೆ ಅದು ತಿಳಿಯದು. ಯಾರೋ ಮೈಯೆಲ್ಲ ಬಲ ಹಾಕಿ ಒತ್ತಿದ್ದಾರೆಂದೇ ಅದು ಓಡುತ್ತದೆ.

ಪರಿಹಾರ ಒಂದೇ ಸಾಲು. ಇನ್ನೂರೈವತ್ತೈದು ಬಂದರೆ ನಿಲ್ಲು. ಕತ್ಸುಮಿ ಆ ಸಾಲು ಬರೆದ.

"ಇದರ ಮುಯ್ಯಿ ಹೇಗಪ್ಪಾ ತೀರಿಸ್ಲಿ?" ಮೊರಿಯೊ ಕೇಳಿದ. "ಸುಗ್ಗಿಗೆ ಬರೋಣ ಅಂದ್ರೆ ಈ ಕಾಲು."

ಕತ್ಸುಮಿ ಪರದೆ ನೋಡುತ್ತ ಕುಳಿತ. ಆಮೇಲೆ ಆ ಸಾಲನ್ನು ಅಳಿಸಿದ.

"ತೀರುತ್ತೆ ಬಿಡಿ."

ಹೊರಡುವಾಗ ಮೊರಿಯೊ ಬಾಗಿಲಲ್ಲಿ ನಿಂತ. "ವೈರು ಕಿತ್ಕೊಂಡ್ರೆ?"

ಕತ್ಸುಮಿ ಬೆಸುಗೆ ಕಡ್ಡಿಯ ತುದಿ ಒರೆಸುತ್ತಿದ್ದ.

"ನಿಂತ್ಬಿಡುತ್ತೆ ಅಲ್ವಾ," ಮೊರಿಯೊ ತಾನೇ ಹೇಳಿಕೊಂಡ. "ವೈರಿಲ್ದೆ ಯಾವ ಯಂತ್ರ ಓಡುತ್ತೆ."

ಭಾನುವಾರ ಆರು ಗಂಟೆಗೆ ಎಲ್ಲರೂ ಇಳಿಜಾರಿನಲ್ಲಿದ್ದರು. ಈ ವರ್ಷ ಯಜಮಾನಿಕೆ ಕತ್ಸುಮಿಯ ಸರದಿ. ಹನ್ನೆರಡು ಗಂಟೆ ಸಾರುವ ಹಾಡು ಊರಿನ ಧ್ವನಿವರ್ಧಕದಲ್ಲಿ ಬರುವ ಹೊತ್ತಿಗೆ ಹನ್ನೊಂದು ಪಾಲೂ ಮುಗಿದಿರಬೇಕು.

"ಮೊರಿಯೊ-ಸಾನ್, ಮೊಮ್ಮಗಳ ಆಟದ ಸಾಮಾನು ಕದ್ರಾ?" ಪಕ್ಕದ ಪಾಲಿನ ವಿಧವೆ ಕಿಕುನೊ ಕೂಗಿದಳು.

"ಮುದುಕರ ಆಟ ಇದು. ನಿಂಗೂ ಬೇಕಾ?"

ಮೊರಿಯೊ ಮೇಲಿನ ಬದುವಿನಲ್ಲಿ ಕುಂಟುತ್ತ ನಡೆದ, ಎರಡು ಮಾರು ಉದ್ದ ಜೋಡಿಸಿದ ವೈರಿನ ಆ ತುದಿಯಲ್ಲಿ, ಕೆಳಗೆ, ಯಂತ್ರ ಇಳಿಜಾರಿನಲ್ಲಿ ಅಡ್ಡಡ್ಡ ಸಾಗಿತು. ಹುಲ್ಲು ಒಂದೇ ಸಮನೆ ಉರುಳಿತು. ಹತ್ತೂವರೆಗೆ ಅರ್ಧ ಮುಗಿದಿತ್ತು. ಜನ ತಮ್ಮ ಕೆಲಸ ನಿಲ್ಲಿಸಿ ನೋಡಿದರು. ಮೊರಿಯೊನ ಮುಖದಲ್ಲಿ ಚಳಿಗಾಲದಿಂದ ಕಾಣದ ಕಳೆ ಬಂದಿತ್ತು. ಅವನು ಕತ್ಸುಮಿಯ ಕಡೆ ತಿರುಗಿ ಕಂಟ್ರೋಲರನ್ನು ಮೇಲೆತ್ತಿ ತೋರಿಸಿದ. ಕತ್ಸುಮಿ ಎರಡು ಹೆಜ್ಜೆ ಮುಂದೆ ಬಂದ. ಬಂದು, ನಿಂತ.

ಮೊರಿಯೊ ಮತ್ತೆ ತಿರುಗುವಾಗ ಊರುಗೋಲು ವೈರಿನ ಮೇಲೆ ಊರಿತು. ಯಂತ್ರದ ಬೋರ್ಡಿನಿಂದ ಅದರ ತುದಿ ಕಿತ್ತು ಬಂತು.

ಯಂತ್ರ ಬಲಕ್ಕೆ ಹೊರಳಿ ಇಳಿಜಾರು ಇಳಿದು ಗದ್ದೆಗೆ ನುಗ್ಗಿತು. ಅದು ಮೊರಿಯೊನದೇ ಗದ್ದೆ. ಅಲ್ಲೂ ನಿಲ್ಲದೆ ಬಲಕ್ಕೇ ತಿರುಗುತ್ತ, ಸುತ್ತುತ್ತ, ಪೈರನ್ನು ಬುಡದಲ್ಲೇ ಕತ್ತರಿಸುತ್ತ ಹೋಯಿತು. ಬ್ಲೇಡಿಗೆ ಹೆದರಿ ಯಾರೂ ಹತ್ತಿರ ಹೋಗಲಿಲ್ಲ. ಮೊರಿಯೊ ಇಳಿಯಲು ಹೋಗಿ ಜಾರಿ ಕೆಸರಿಗೆ ಬಿದ್ದ. ಬಿದ್ದಲ್ಲೇ ಕಂಟ್ರೋಲರಿನ ಕೋಲನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತುತ್ತಲೇ ಇದ್ದ. ವೈರಿನ ತುದಿ ಅವನ ಪಕ್ಕದಲ್ಲೇ ನೀರಿನಲ್ಲಿತ್ತು.

ಪಟ್ಟಿಗಳು ಕೆಸರಲ್ಲಿ ಹೂತು ಯಂತ್ರ ನಿಲ್ಲುವಾಗ ಗದ್ದೆಯ ನಡುವೆ ದೊಡ್ಡದೊಂದು ದುಂಡು ಬಯಲಾಗಿತ್ತು. ಆಮೇಲೆ ಧ್ವನಿವರ್ಧಕದಲ್ಲಿ ಹಾಡು ಬಂತು.

"ಇನ್ನರ್ಧ ತಾನೇ," ಕಿಕುನೊ ತನ್ನ ಯಂತ್ರ ಎತ್ತಿಕೊಂಡಳು. "ನಾವೆಲ್ಲ ಕೈ ಹಾಕಿದ್ರೆ ಅನ್ನದುಂಡೆ ತಿನ್ನೋಷ್ಟು ಹೊತ್ತು."

"ಬೇಡ," ಎಂದ ಕತ್ಸುಮಿ. ಬದುವಿನ ಅಂಚಿಗೆ ಬಂದು ಕೆಸರಲ್ಲಿ ಕುಳಿತವನನ್ನು ನೋಡಿದ. "ಕಾನೂನು ಎಲ್ಲ ಮನೆಗೂ ಒಂದೇ. ನಿಮ್ಮ ಪಾಲು ಉಳಿದಿದೆ. ನಾಳೆ, ಒಬ್ಬರೇ."

ಮೊರಿಯೊ ನೀರಿನಿಂದ ವೈರಿನ ತುದಿಯನ್ನು ಎತ್ತಿಕೊಂಡ. ಅದನ್ನೊಮ್ಮೆ, ಕತ್ಸುಮಿಯ ಮುಖವನ್ನೊಮ್ಮೆ ನೋಡಿದ.

ಸೋಮವಾರ ಬೆಳಗಿನಿಂದ ಅವನು ಇಳಿಜಾರಿನಲ್ಲಿ ಕುಂಡೆಯೂರಿ ಕುಳಿತು, ಜರುಗುತ್ತ ಜರುಗುತ್ತ ಕುಡುಗೋಲಿನಿಂದ ಕೊಯ್ದ. ಸಂಜೆಗೆ ಇನ್ನೂ ಕಾಲುಭಾಗ ಉಳಿದಿತ್ತು. ಕತ್ಸುಮಿ ಸಭಾಮನೆಯ ಹಲಗೆಯಲ್ಲಿ ನೀರಿನ ಸರದಿಯಿಂದ ಆ ಮನೆಯ ಹೆಸರನ್ನು ಒರೆಸಿದ. ಅಲ್ಲಿಂದ ನೇರ ಮೊರಿಯೊನ ಮನೆಗೆ ಹೋಗಿ, ಬಾಗಿಲಲ್ಲಿ ತಲೆ ಬಾಗಿಸಿ, ಎರಡೂ ಕೈಯಲ್ಲಿ ಒಂದು ಡಬ್ಬಿ ಕೊಟ್ಟ.

ಮೊರಿಯೊ ಅದನ್ನು ತೆರೆದು ಎಣಿಸಿದ. ಆರು ಪೀಚ್ ಹಣ್ಣು.