ಸವೆದ ಬ್ರೇಕು

ಇಳಕಲ್ಲಿನ ಆ ಮನೆಯ ಅಂಗಳದಲ್ಲಿ ಮುನಾಫ ಗೋಣಿಚೀಲ ಹಾಸಿಕೊಂಡು ರೋಟರ್ ಬಿಚ್ಚುತ್ತಿದ್ದ. ಒಳಗೆ ಒಲೆಯ ಮೇಲೆ ಬೇಳೆ ಉಕ್ಕುತ್ತಿದ್ದರೂ ಎದುರಿಗೆ ಕುಳಿತಿದ್ದ ಶೀಲಾಗೆ ಏಳಲಾಗಲಿಲ್ಲ. ಗಂಡನ ಬೆನ್ನು ಮುರಿದದ್ದು ತನ್ನ ಕೈಯೋ ಅಲ್ಲವೋ, ಅದು ಇವತ್ತು ಗೊತ್ತಾಗಬೇಕಿತ್ತು.

ಗಂಡ ವಿಜಯಮಹಾಂತೇಶನಿಗೆ ಮನೆಯಿಂದಲೇ ದೂರದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಹುಚ್ಚು. ಮಾಳಿಗೆಯ ಮೇಲೆ ನಲವತ್ತು ಅಡಿಯ ಕಂಬ, ಅದರ ತುದಿಗೆ ಮೂರಾಳುದ್ದದ ಆಂಟೆನಾ, ಅದನ್ನು ಬೇಕಾದ ದಿಕ್ಕಿಗೆ ತಿರುಗಿಸಲು ಈ ರೋಟರ್ ಎಂಬ ಮೋಟರು. ಅದರೊಳಗೊಂದು ಬ್ರೇಕು. ಮನೆಯೊಳಗಿನ ಕಂಟ್ರೋಲ್ ಡಬ್ಬಿಯ ಗುಂಡಿ ಒತ್ತಿ ಬಿಟ್ಟ ಮೇಲೂ ಅಷ್ಟು ದೊಡ್ಡ ಆಂಟೆನಾ ತನ್ನ ಭಾರಕ್ಕೆ ತಾನೇ ಒಂದಿಷ್ಟು ತಿರುಗುತ್ತದೆ. ಹತ್ತು ಎಣಿಸಿ, ಅದು ನಿಂತ ಮೇಲೆ ಬ್ರೇಕು ಹಾಕಬೇಕು. ಅವಸರ ಮಾಡಿದರೆ ಬ್ರೇಕು ಸವೆಯುತ್ತದೆ. ಹೆಂಡತಿಗೂ ಪರೀಕ್ಷೆ ಕಟ್ಟಿಸಿ ಲೈಸೆನ್ಸ್ ಕೊಡಿಸಿದ ಪುಣ್ಯಾತ್ಮ ಇದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಶೀಲಾ ಎಣಿಸುತ್ತಿದ್ದಳು. ಕೆಲವೊಮ್ಮೆ ಮರೆಯುತ್ತಲೂ ಇದ್ದಳು.

ಶ್ರಾವಣದಲ್ಲಿ ಕೇಬಲ್ ಸರಿಪಡಿಸಲು ಅವನು ಕಂಬ ಹತ್ತಿದ. ಗಾಳಿ ಬಂತು, ಬ್ರೇಕು ಹಿಡಿಯಲಿಲ್ಲ, ಗರ್ರನೆ ತಿರುಗಿದ ಆಂಟೆನಾ ಅವನನ್ನು ಹೊಡೆದು ಕೆಡವಿತು. ಬಾಗಲಕೋಟೆಯ ದವಾಖಾನೆಯಲ್ಲಿ ಕಣ್ಣು ಬಿಟ್ಟವನು ತಾಯಿ ಇಂದ್ರಾಬಾಯಿಗೆ ಹೇಳಿದ್ದು ಒಂದೇ ಮಾತು: "ಶೀಲಾ ಎಣಸ್ತಿದ್ದಿಲ್ಲ ಯವ್ವಾ."

ಅವನಿಗೆ ಸೊಂಟದ ಕೆಳಗೆ ಜೀವವಿಲ್ಲ. ಅತ್ತೆ ಐದು ತಿಂಗಳಿಂದ ಸೊಸೆಯ ಕೈಯ ನೀರು ಮುಟ್ಟಿಲ್ಲ. ಶೀಲಾ ಹುನಗುಂದದ ಶಾಲೆಯ ಕೆಲಸ ಬಿಟ್ಟು, ಎರಡು ತಾಸಿಗೊಮ್ಮೆ ಗಂಡನ ಮಗ್ಗುಲು ಬದಲಿಸುತ್ತ, ತುಟಿಪಿಟಕ್ಕೆನ್ನದೆ ಬದುಕುತ್ತಿದ್ದಳು.

ಮುನಾಫನದು ಮಗ್ಗದ ಮೋಟರು ರಿಪೇರಿ ಮಾಡಿ ಪಳಗಿದ ಕೈ. ಬ್ರೇಕಿನ ತುಂಡನ್ನು ತೊಳೆದು ಬೆಳಕಿಗೆ ಹಿಡಿದ. ಅದರ ಅಂಚು ಬಳಸಿದ ಸಾಬೂನಿನಂತೆ ದುಂಡಗಾಗಿತ್ತು. ಆಮೇಲೆ ಒಳಗಿನ ಕಂಟ್ರೋಲ್ ಡಬ್ಬಿ ತರಿಸಿ ಅದನ್ನೂ ಬಿಚ್ಚಿದ. ಬಿಚ್ಚಿದವನು ಒಂದು ವಾಯರನ್ನು ಬೆರಳಲ್ಲಿ ಎತ್ತಿ ನೋಡಿದ.

"ಏನಾತು ಮುನಾಫಣ್ಣಾ? ತಪ್ಪು ನಂದನ ಏನು?"

"ವೈನಿ, ನೀವು ಎಣಸೋದು ಮರತ್ರೂ ಏನೂ ಆಗಬಾರದಾಗಿತ್ರಿ. ನೀವು ಹೊಸದಾಗಿ ಕಲಿಯಾಕ ಹತ್ತಿದ್ರಿ ಅಂತ ನಾನ ಇದರಾಗ ಟೈಮರ್ ಕೂಡಿಸಿ ನಿಮ್ಮವರ ಕೈಯಾಗ ಕೊಟ್ಟಿದ್ದೆ, ನಿಮಗ ಹೇಳಿಲ್ಲ ಕಾಣಸ್ತೈತಿ. ಕೈ ಬಿಟ್ರೂ ಹತ್ತು ಸೆಕೆಂಡ್ ತಾನ ತಡದು ಬ್ರೇಕ್ ಹಾಕ್ತಿತ್ತು. ಅದರ ವಾಯರ್ ಯಾರೋ ಕತ್ತರಿಸಿ ಟೇಪ್ ಸುತ್ತ್ಯಾರ."

ಯಾರೋ ಎಂದವನು ತಲೆ ತಗ್ಗಿಸಿದ. ಆ ಡಬ್ಬಿ ಬಿಚ್ಚಲು ಬರುವವರು ಊರಲ್ಲಿ ಇಬ್ಬರೇ. ಒಬ್ಬ ಇಲ್ಲಿ ಕುಳಿತಿದ್ದ. ಶೀಲಾಗೆ ಹಗುರವೆನಿಸಲಿಲ್ಲ. ಎದ್ದಳು.

ಒಳಗೆ ಹೋದಾಗ ಗಂಡ ಗೋಡೆಯತ್ತ ಮುಖ ಮಾಡಿದ್ದ. ಅಂಗಳದ ಮಾತೆಲ್ಲ ಅವನಿಗೆ ಕೇಳಿಸಿತ್ತು.

"ವಾಯರ್ ಕತ್ತರಿಸಿದವರು ನೀವ ಏನ್ರಿ?"

"ರೇಡಿಯೋ ಸ್ಪರ್ಧಾದಾಗ ದಿಕ್ಕು ಬದಲಿಸಿ ಬದಲಿಸಿ ಒಬ್ಬರನ್ನ ಬಿಟ್ಟು ಒಬ್ಬರನ್ನ ಹಿಡೀಬೇಕು. ಹತ್ತು ಸೆಕೆಂಡ್ ಕಾಯ್ಕೋತ ಕುಂದ್ರಾಕ ಆಗಲಿಲ್ಲ."

"ಮತ್ತ ನನ್ನ ಹೆಸರು ಯಾಕ ಹೇಳಿದ್ರಿ?"

ಅವನು ಗೋಡೆಗೇ ಹೇಳಿದ.

"ಕಾಲು ಹೋದ್ವು ಅಂತ ಡಾಕ್ಟರ್ ಹೇಳಿದ್ರು. ನೀ ಬಿಟ್ಟು ಹೋಗ್ತಿ ಅಂತ ಅಂಜಿಕಿ ಬಂತು. ತಪ್ಪು ನಿಂದ ಅಂದ್ರ ಹೋಗಾಂಗಿಲ್ಲ ಅಂತ..."

ಶೀಲಾ ಗಡಿಯಾರ ನೋಡಿದಳು. ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಹೆಗಲಿಗೊಂದು, ಸೊಂಟಕ್ಕೊಂದು ಕೈ ಹಾಕಿ ಎಂದಿನಂತೆ ಹೊರಳಿಸಿ ಬೆನ್ನಿಗೆ ದಿಂಬು ಕೊಟ್ಟಳು. ಈ ಐದು ತಿಂಗಳಲ್ಲಿ ಅವನನ್ನು ಬಿಟ್ಟು ಹೋಗುವ ಯೋಚನೆ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ. ಈಗ ಬಂತು.