ಹನ್ನೆರಡಕ್ಷರದ ಖಾನೆ

ಕಿಟಕಿಯ ಕೆಳಗೆ ಓಕ್ ಮರದ ಒಂದು ಬೀರು. ಅದಕ್ಕೆ ಇಪ್ಪತ್ತನಾಲ್ಕು ಸಣ್ಣ ಖಾನೆಗಳು; ಪ್ರತಿಯೊಂದರ ಮುಖಕ್ಕೂ ಹಿತ್ತಾಳೆಯ ಹಿಡಿ, ಹಿಡಿಯ ಮೇಲೆ ಹಳದಿಯಾದ ಕಾಗದದ ತುಣುಕು, ಅದರಲ್ಲೊಂದು ಅಂಕಿ. ಹನ್ನೆರಡು ಎಂದು ಬರೆದ ಖಾನೆ ಅರ್ಧ ಹೊರಗಿದೆ. ಒಳಗೆ ರಟ್ಟಿನ ಚೀಟಿಗಳು ಒಂದಕ್ಕೊಂದು ಒತ್ತಿ ನಿಂತಿವೆ. ನಡುವೆ ಒಂದು ಚೀಟಿ ಎದ್ದುಹೋದ ಕಡೆ, ಬಿದ್ದ ಹಲ್ಲಿನ ಜಾಗದಂತೆ ಸಣ್ಣ ಕಪ್ಪು. ಕಾಲುವೆಯ ಮಂಜುಗಡ್ಡೆಯಿಂದ ಪುಟಿದು ಬಂದ ಫೆಬ್ರವರಿಯ ಬೆಳಕು ಆ ಕಪ್ಪಿನ ಅಂಚಿನವರೆಗೆ ಬಂದು ನಿಂತಿದೆ.

ಆ ಗುರುವಾರ ಬೆಳಿಗ್ಗೆ ಐಲಿ ಹಾರ್ಯು ಫೋನು ಮಾಡಿ ಕರೆದಾಗ ಅವಳ ಮನೆಯಲ್ಲಿ ನಾನು ಮೊದಲು ಕಂಡದ್ದು ಇದನ್ನು. ಚೀಟಿ ಅವಳ ಕೋಟಿನ ಜೇಬಿನಲ್ಲಿತ್ತು.

ಬೀರು ನಾನು ಗ್ರಂಥಪಾಲಕನಾಗಿದ್ದ ಶಾಲೆಯದು. ಶಾಲೆ ಎಸೆದಾಗ ಅವಳಿಗೆ ತಂದುಕೊಟ್ಟಿದ್ದೆ. ಉತ್ತರ ಮಿಷಿಗನ್ನಿನ ನಮ್ಮ ತಾಮ್ರದ ಗಣಿಯೂರಿನ ಪತ್ರಿಕೆಗೆ ಐಲಿ ಮೂವತ್ತೊಂದು ವರ್ಷಗಳಿಂದ ಶನಿವಾರದ ಪದಬಂಧ ಕಟ್ಟುತ್ತಿದ್ದಳು. ಮೂರಕ್ಷರದಿಂದ ಇಪ್ಪತ್ತೊಂದಕ್ಷರದವರೆಗೆ, ಪದದ ಉದ್ದಕ್ಕೊಂದು ಖಾನೆ; ಮಿಕ್ಕ ಐದು ಖಾಲಿ. ಐದಕ್ಷರದ ಪದಕ್ಕೆ ಐದು ಚೀಟಿಗಳು, ಅಕ್ಷರಕ್ಕೊಂದರಂತೆ. ಯಾವ ಅಕ್ಷರ ಹಿಡಿದು ಹುಡುಕಿದರೂ ಪದ ಸಿಗಬೇಕು. ಚೀಟಿಯ ಹಿಂಬದಿಯಲ್ಲಿ, ಆ ಪದವನ್ನು ಯಾರು, ಎಂದು, ಯಾವ ಮಾತಿನ ನಡುವೆ ಆಡಿದರು ಎಂಬ ದಾಖಲೆ. ಬೇಕರಿಯ ಗಲ್ಲೆಯ ಹಿಂದೆ ಆಯುಷ್ಯ ಕಳೆದವಳು. ಕಿವಿಗೆ ಬೀಳದ ಪದಕ್ಕೆ ಅವಳ ಬೀರುವಿನಲ್ಲಿ ಜಾಗವಿರಲಿಲ್ಲ.

ನನ್ನದು ಬಿಡಿಸಿ ನೋಡುವ ಕೆಲಸ. ಮಂಗಳವಾರ ಪತ್ರಿಕೆಯವರು ಹಾಳೆ ಕಳಿಸುತ್ತಾರೆ. ನಾನು ಪೆನ್ಸಿಲ್ಲು ಹಿಡಿದು ಕೂರುತ್ತೇನೆ. ಎಲ್ಲಿ ತಡೆದು ನಿಂತೆನೋ ಅಲ್ಲಿ ಚುಕ್ಕೆಯಿಟ್ಟು, ಕೊನೆಗೆ ಸಹಿ ಹಾಕುತ್ತೇನೆ. ಆ ಸಹಿಯಿಲ್ಲದೆ ಪದಬಂಧ ಅಚ್ಚಿಗೆ ಹೋಗುವುದಿಲ್ಲ.

ಹಿಂದಿನ ಶರತ್ಕಾಲದಲ್ಲಿ ಪತ್ರಿಕೆಯವರಿಬ್ಬರು ಬಂದು, ಬೆಂಕಿ ಬಿದ್ದರೂ ಉಳಿಯಲಿ ಎಂದು ಚೀಟಿಗಳ ಚಿತ್ರ ತೆಗೆದುಕೊಂಡು ಹೋದರು. ಐಲಿ ಒಪ್ಪಿ ಕಾಫಿಯನ್ನೂ ಕೊಟ್ಟಳು. ಜನವರಿಯಲ್ಲಿ ಅವರ ಜಾಲತಾಣದಲ್ಲಿ ಹೊಸದೊಂದು ಪುಟ ತೆರೆಯಿತು: ಎಷ್ಟು ಅಕ್ಷರ, ಯಾವ ಯಾವ ಅಕ್ಷರ ಎಂದು ಹೇಳಿದರೆ ಆ ಚೀಟಿಗಳ ಪಟ್ಟಿಯಿಂದ ಪದ ಹುಡುಕಿಕೊಡುತ್ತದೆ. ಐಲಿಯ ಹೆಸರು ಎಲ್ಲಿಯೂ ಇರಲಿಲ್ಲ. ಆಗ ಅವಳು ನಕ್ಕಿದ್ದಳು: "ಹೋಗ್ಲಿ ಬಿಡೋ. ಧೂಳು ಹೊಡೆಯೋ ಕೆಲಸ ಅವರಿಗೆ."

ಈಗ ನಗುವಿರಲಿಲ್ಲ. ಬುಧವಾರ ಸಂಪಾದಕಿ ಬ್ರಿನ್ ಕ್ಯಾಲ್ಡರ್ ಫೋನು ಮಾಡಿ, ಈ ವಾರದ ಮೂರು ಪದಗಳು ಪಟ್ಟಿಯಲ್ಲಿ ಸಿಗದ ಕಾರಣ ಯಂತ್ರದಿಂದ ಬೇರೆ ಹಾಕಿಸಿದ್ದೇವೆ ಎಂದಿದ್ದಳು. ಯಾರ ಪಟ್ಟಿ ಎಂದು ಕೇಳಿದರೆ, ನಿಮ್ಮದೇ ಎಂಬ ಉತ್ತರ. ನಿಘಂಟುಗಳಲ್ಲಿಲ್ಲದ ನಾಲ್ಕು ಸಾವಿರ ಪದಗಳನ್ನು ಅದರಿಂದ ಕಿತ್ತುಹಾಕಿದ್ದರು.

ಇಬ್ಬರೂ ಪತ್ರಿಕೆಯ ಕಚೇರಿಗೆ ಹೋದೆವು. ಬ್ರಿನ್ ನಮಗೆ ಕುರ್ಚಿ ತೋರಿಸಿದಳು. ಐಲಿ ಕೂರಲಿಲ್ಲ.

"ಮೂರೇ ಮೂರು ಪದ, ಮಿಸೆಸ್ ಹಾರ್ಯು. ಮೇಲೆ ಹೆಸರು ನಿಮ್ಮದೇ ಇರುತ್ತೆ."

"ಅದೇ ಕಣಮ್ಮ ನನ್ನ ತಕರಾರು. ಪದ ನಿಂದು, ಹೆಸರು ನಂದು ಯಾಕೆ?"

"ಈಗ ಡೆಟ್ರಾಯಿಟ್‌ನಲ್ಲೂ ನಮ್ಮನ್ನ ಓದ್ತಾರೆ. ಚಾಪರ್ ಮಿಟ್ಸ್ ಅಂದ್ರೆ ಅವರಿಗೇನು ಗೊತ್ತಾಗ್ಬೇಕು?"

"ಯಾಕೆ, ಡೆಟ್ರಾಯಿಟ್‌ನೋರಿಗೆ ಕೈ ಇಲ್ವಾ?"

ಒಳಗೆ ಉಣ್ಣೆ, ಹೊರಗೆ ಚರ್ಮ. ಮರ ಕಡಿಯುವವರ ಕೈಗವಸಿಗೆ ಇಲ್ಲಿ ಬೇರೆ ಹೆಸರಿಲ್ಲ; ಇಂಗ್ಲಿಷಿನಲ್ಲಿ ಬರೆದರೆ ಹನ್ನೆರಡಕ್ಷರ. ಐಲಿ ಜೇಬಿನಿಂದ ಚೀಟಿ ತೆಗೆದು ಹಿಂಬದಿಯನ್ನು ಗಟ್ಟಿಯಾಗಿ ಓದಿದಳು: "ವೈನೋ ಕೋಸ್ಕಿ. ತೊಂಬತ್ತಮೂರು, ಜನವರಿ. ರೈ ಬ್ರೆಡ್ ತಗೊಳ್ಳುವಾಗ. 'ಚಾಪರ್ ಮಿಟ್ಸ್‌ನಲ್ಲಿ ಎಡಗೈದು ಕಳಕೊಂಡೆ ಐಲಿ, ಬಲಗೈದನ್ನೇ ಅದಲು ಬದಲು ಮಾಡ್ಕೊಂಡು ನಡ್ಕೊಂಡ್ ಬಂದೆ.' ಇದು ನಿಘಂಟಲ್ಲಿ ಇಲ್ವಂತೆ. ವೈನೋ ಇದ್ನಲ್ಲಮ್ಮ."

"ಹಿಂಬದಿದು ನಾವು ತಗೊಂಡೇ ಇಲ್ಲ," ಎಂದಳು ಬ್ರಿನ್.

ನನಗೆ ತಡೆಯಲಾಗಲಿಲ್ಲ. "ಇವಳ ಬೀರುವಿಂದಾನೇ ಬಾಚ್ಕೊಂಡು, ಬೇಡದ್ದನ್ನ ಚೆಲ್ಲಿ, ಮಿಕ್ಕಿದ್ದರಲ್ಲಿ ಇವಳನ್ನೇ ಅಳೀತೀರಲ್ಲ, ನಾಚಿಕೆ ಆಗಲ್ವೇನ್ರೀ ನಿಮಗೆ? ನನ್ನ ಸಹಿ ಇಲ್ಲದೆ ಇದು ಹೊರಗೆ ಹೋಗಲ್ಲ, ತಿಳ್ಕೊಳ್ಳಿ."

ಬ್ರಿನ್ ದನಿಯೇರಿಸಲಿಲ್ಲ. ಮೇಜಿನ ಮೇಲಿನ ಕಡತದಿಂದ ಒಂದು ಹಾಳೆ ತೆಗೆದು ನನ್ನ ಕಡೆ ತಿರುಗಿಸಿದಳು.

"ಮಂಗಳವಾರ ನಿಮಗೆ ಕಳಿಸಿದ್ದೇ ತಿದ್ದಿದ್ದು, ಮಿಸ್ಟರ್ ನಿಯೆಮಿ. ಒಂದು ಚುಕ್ಕೇನೂ ಇಟ್ಟಿಲ್ಲ ನೀವು. ಕೆಳಗೆ ಏನು ಬರ್ದಿದೀರ, ನೀವೇ ಓದಿ."

ಸಹಿ ನನ್ನದೇ. ಅದರ ಮೇಲೆ ನನ್ನದೇ ಅಕ್ಷರದಲ್ಲಿ: ಬಹಳ ಸಲೀಸು, ಈ ವರ್ಷದಲ್ಲೇ ಉತ್ತಮ.

ಆ ಮಂಗಳವಾರ ಕಾಫಿ ಆರುವ ಮೊದಲೇ ಬಿಡಿಸಿ ಮುಗಿಸಿದ್ದೆ. ಮೂವತ್ತೊಂದು ವರ್ಷಗಳಲ್ಲಿ ಐಲಿಯ ಪದಬಂಧ ನನ್ನನ್ನು ಎರಡು ಕಡೆಯಾದರೂ ನಿಲ್ಲಿಸದೆ ಬಿಟ್ಟದ್ದಿಲ್ಲ. ನಿಂತಲ್ಲೆಲ್ಲ ಒಂದು ಅಂಗಡಿ, ಒಂದು ಗಣಿಯ ಬಾಯಿ, ಸತ್ತವರ ಒಂದು ದನಿ ಇರುತ್ತಿತ್ತು. ಈ ಸಲ ಎಲ್ಲಿಯೂ ತಡೆಯದ್ದನ್ನು ನನ್ನ ಬುದ್ಧಿಯ ಚುರುಕೆಂದು ಎಣಿಸಿ ಹಿಗ್ಗಿದ್ದೆ. ಇನ್ನೊಬ್ಬರ ಮೇಲೆ ಹರಿಹಾಯಲು ಎದ್ದ ಸಿಟ್ಟು ಹಾಗೆಯೇ ಹಿಂದಿರುಗಿ ನನ್ನ ಮೈಗೇ ಬಿತ್ತು.

"ಎಲ್ಲೂ ನಿಲ್ಲಲಿಲ್ವಾ ಆರ್ವಿಡ್?" ಐಲಿ ಕೇಳಿದಳು.

"ಇಲ್ಲ."

"ನಾನೇ ಕಟ್ಟಿದ್ದು ಅಂದ್ಕೊಂಡ್ಯಾ?"

ನಾನು ಪೆನ್ನು ತೆಗೆದು ಸಹಿಯನ್ನು ಹೊಡೆದುಹಾಕಿದೆ. ಕಾಗದ ಹರಿಯುವಷ್ಟು ಒತ್ತಿ ಎರಡು ಸಲ.

"ಸರಿ," ಎಂದಳು ಬ್ರಿನ್. "ಅಲ್ಲಿಗೆ ಶನಿವಾರ ಇದಿಲ್ಲ. ಮುಂದಿನ ವಾರದಿಂದ ಪೂರ್ತಿ ಯಂತ್ರದ್ದೇ ಹಾಕ್ತೀವಿ. ಅದಕ್ಕೆ ಯಾರ ಸಹೀನೂ ಬೇಕಾಗಲ್ಲ."

"ಧಾರಾಳವಾಗಿ ಹಾಕಮ್ಮ," ಎಂದಳು ಐಲಿ. "ನನ್ನ ಹೆಸರು ಮಾತ್ರ ಹಾಕ್ಬೇಡ. ಒಂದು ಸಲವೂ."

"ಬರ್ಕೊಡ್ಬೇಕಾ?"

"ಬರ್ಕೊಡು."

ಬ್ರಿನ್ ಬರೆದುಕೊಟ್ಟಳು. ಐಲಿ ಅದನ್ನು ಎರಡು ಸಲ ಓದಿ, ನಾಲ್ಕಾಗಿ ಮಡಚಿ, ವೈನೋ ಕೋಸ್ಕಿಯ ಚೀಟಿಯ ಜತೆ ಜೇಬಿಗೆ ಸೇರಿಸಿದಳು. ನಾನು ಟೋಪಿ ಎತ್ತಿಕೊಂಡು ಏಳಲು ಹೋದೆ.

"ನೀನು ಕೂತ್ಕೋ," ಎಂದಳು, ನನ್ನ ಮುಖ ನೋಡದೆ. "ಇವತ್ತು ನಾನೊಬ್ಬಳೇ ನಡ್ಕೊಂಡು ಹೋಗ್ತೀನಿ."

ಬಾಗಿಲು ತೆರೆದಾಗ ಚಳಿ ಮೇಜಿನವರೆಗೂ ಬಂದು ಹಾಳೆಯ ಅಂಚನ್ನು ಎತ್ತಿತು. ಆಮೇಲೆ, ಅವಳ ಹಿಂದೆ, ಬಾಗಿಲು ಮುಚ್ಚಿಕೊಂಡಿತು.