ಅದು ಆ ದೇಶದ ಮಾತು

ಹೆಣದ ಸ್ನಾನಕ್ಕೆ ನೀರು ಹೊತ್ತ ಬಿಂದಿಗೆಗಳನ್ನು ಬೋರಲು ಹಾಕಿ ರಾಧಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಾಗ ಅಂಗಳದಿಂದ ಚಿನ್ನಯ್ಯನ ಕೂಗು ಬಂತು.

"ರಾಧಮ್ಮಾ, ಬಾರಮ್ಮ ಇತ್ಲಾಗೆ. ಗೀತಮ್ಮನ ಬಳೆ ಒಡೀಬೇಕು. ಈ ಮನ್ಯಾಗೆ ಗಂಡ ಇಲ್ದೋಳು ನೀನೇ ಅಲ್ವಾ?"

ಚಿನ್ನಯ್ಯ ಊರಿನ ಹಿರಿಯ, ಸಾವಿನ ಶಾಸ್ತ್ರವೆಲ್ಲ ಅವನ ಬಾಯಲ್ಲೇ. ಸತ್ತವನು ರಾಧಮ್ಮನ ಭಾವ, ಗಂಡನ ಅಣ್ಣ ಜಂಬುಲಿಂಗಪ್ಪ. ಹೆಣ ಎತ್ತುವ ಮುಂಚೆ ಅವನ ಹೆಂಡತಿ ಗೀತಮ್ಮನ ಬಳೆ ಒಡೆಯಬೇಕು, ಒಡೆಯುವವಳೂ ವಿಧವೆಯೇ ಆಗಿರಬೇಕು. ರಾಧಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮದುವೆಗೆ ಬೇಡ, ಸೋಬಾನಕ್ಕೆ ಬೇಡ, ಇದೊಂದಕ್ಕೆ ಮಾತ್ರ ಬೇಕು ಇವರಿಗೆ ರಾಧಮ್ಮ!

ಅಂಗಳದಲ್ಲಿ ಜಂಬುಲಿಂಗಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಲ್ಲಿ ಸೇವಂತಿಗೆ ಹಾರ, ಹಣೆಯ ಮೇಲೆ ಕಾಸು.

"ಎಂಥಾ ಮನುಷ್ಯ ಹೋದ ಕಣ್ರಪ್ಪ," ಎಂದು ಹೋಟೆಲ್ ಚಂದ್ರಶೇಖರ್ ಮೂಗು ಒರೆಸಿಕೊಂಡ. "ಗಾಜಾದಾಗೆ ಬಾಂಬ್ ಬಿತ್ತು ಅಂತ ಟಿವ್ಯಾಗೆ ಬಂದ್ರೆ ಆವತ್ತು ಚಾ ಮುಟ್ತಿರ್ಲಿಲ್ಲ. 'ಎಣ್ಣೆ ಇದ್ದೋರ ಮನೇಗೇ ಕಣ್ರಲೇ ದೊಡ್ಡ ದೇಶ್ದೋರು ನ್ಯಾಯ ಹೇಳಾಕೆ ಹೋಗೋದು' ಅಂತಿದ್ದ."

"ವಿಶ್ವಸಂಸ್ಥೆ ಅಂತ್ಲೇ ಕರೀತಿದ್ವಲ್ಲಪ್ಪ," ಎಂದ ಮಾರಯ್ಯ. "ಪಾಕಿಸ್ತಾನದ ಪಠಾಣನ ಜತೆ ಒಂದೇ ತಟ್ಟ್ಯಾಗೆ ಉಂಡೋನು. ಗಡಿ ಅನ್ನೋದು ಹೊಟ್ಟೆ ತುಂಬಿದೋರ ಆಟ ಅಂತಿದ್ದ."

ಸುಳ್ಳಲ್ಲ. ಕುವೈತಿನಲ್ಲಿ ಎಷ್ಟೋ ವರ್ಷ ಟ್ರೇಲರ್ ಓಡಿಸಿದವನು ಜಂಬುಲಿಂಗಪ್ಪ. ಇರಾಕಿನ ಬಸ್ರಾದ ಗಡಿವರೆಗೂ ಹೋಗಿ ಸುಟ್ಟ ಊರುಗಳನ್ನು ಕಣ್ಣಾರೆ ಕಂಡವನು. ಊರಿಗೆ ಮರಳಿದ ಮೇಲೆ ಬಿ.ಜಿ. ಕೆರೆಯ ಹೈವೇ ಪಕ್ಕದ ಬೆಂಚಿನಲ್ಲಿ ಕೂತು ಭೂಮಂಡಲದ ಕಷ್ಟಕ್ಕೆಲ್ಲ ಮರುಗುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಈ ಮಹರಾಯ ಊರನ್ನೂ ದಾಟಿ ಲೋಕಕ್ಕೇ ಉಪಕಾರಿ!

\*

ರಾಧಮ್ಮನ ಗಂಡ ಪ್ರಭು ಇನ್ನೂ ಬದುಕಿದ್ದಾಗ ಜಂಬುಲಿಂಗಪ್ಪ ಒಮ್ಮೆ ರಜೆಯ ಮೇಲೆ ಬಂದಿದ್ದ. ಜಗಲಿಯಲ್ಲಿ ಜನ ಸೇರಿಸಿಕೊಂಡು ಕಂಪನಿಯ ಮೆಸ್ಸಿನ ಅಡುಗೆಯವಳ ಕತೆ ಹೇಳಿದ್ದ.

"ಫಿಲಿಪೀನ್ಸ್‌ನೋಳು. ಗಂಡ ಸತ್ತ ಅಂತ ಊರಿಗೆ ಹೋದ್ಲು, ಕೆಂಪು ಬಳೆ ಹಾಕ್ಕೊಂಡೇ ವಾಪಸ್ ಬಂದ್ಲು. ಯಾವನಾದ್ರೂ ಕೇಳಿದ್ನಾ? ಇಲ್ಲ! ನಾವು ಹೆಣದ ಜತೆ ಹೆಂಗಸಿನ ಕೈನೂ ಮಣ್ಣಿಗೆ ಹಾಕ್ತೀವಿ. ಥೂ, ನಮ್ಮ ಜನ್ಮಕ್ಕಿಷ್ಟು!"

ಬಾಗಿಲ ಮರೆಯಲ್ಲಿ ಕೇಳುತ್ತಿದ್ದ ರಾಧಮ್ಮನನ್ನು ಪ್ರಭು ರೇಗಿಸಿದ್ದ. "ಕೇಳಿಸ್ಕೊಂಡ್ಯೇನೇ? ನಾನು ಸತ್ರೂ ನೀನು ಹಾಕ್ಕೊಂಡಿರು."

ಅದಾಗಿ ಕೆಲವೇ ದಿನಕ್ಕೆ ಚಳ್ಳಕೆರೆಯಿಂದ ಬರುತ್ತಿದ್ದ ಪ್ರಭುವಿನ ಬೈಕಿಗೆ ಲಾರಿ ಗುದ್ದಿತು. ಹೆಣ ಎತ್ತುವ ಮುಂಚೆ ಬಳೆ ಒಡೆಯಲು ಕಲ್ಲು ಹಿಡಿದ ವಿಧವೆ ಮುದುಕಿ ಎದುರು ಬಂದು ಕೂತಾಗ ರಾಧಮ್ಮ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ಭಾವ, ನೀವಾದ್ರೂ ಬ್ಯಾಡ ಅನ್ರಿ. ನಿಮ್ಮ ಮಾತು ಕೇಳ್ತಾರೆ."

ಎಲ್ಲರೂ ಜಂಬುಲಿಂಗಪ್ಪನ ಕಡೆ ತಿರುಗಿದರು. ಅವನು ನೆಲ ನೋಡಿದ.

"ಅದು ಆ ದೇಶದ ಮಾತಮ್ಮ," ಎಂದ. "ಇದು ನಮ್ಮೂರು."

ಗಾಜಿನ ಚೂರು ಮಣಿಕಟ್ಟಿಗೆ ಹೊಕ್ಕು ರಕ್ತ ಸೋರಿತು. ಸಂಜೆ ಅವನು ಕುವೈತಿನಿಂದ ತಂದಿದ್ದ ಮುಲಾಮನ್ನು ಗೀತಮ್ಮನ ಕೈಲಿ ಕೊಟ್ಟು ಕಳಿಸಿದ. ರಾಧಮ್ಮ ಅದನ್ನು ತಿಪ್ಪೆಗೆ ಎಸೆದಳು.

\*

ಗೀತಮ್ಮ ಗಂಡನ ಕಾಲ ಬಳಿ ಕೂತು, ಯಾರೂ ಹೇಳದೆಯೇ ಕೈ ಚಾಚಿದಳು. ಎರಡೂ ಕೈ ತುಂಬ ಹಸಿರು ಬಳೆ. ಚಿನ್ನಯ್ಯ ಕೊಟ್ಟ ಕಲ್ಲನ್ನು ರಾಧಮ್ಮ ತೆಗೆದುಕೊಂಡಳು. ಒಡೆಯಬೇಕು ಅನ್ನಿಸಿತು. ಸುಳ್ಳು ಯಾಕೆ, ಆಸೆಯೇ ಆಯಿತು. ಒಂದೊಂದನ್ನೂ ಪುಡಿ ಮಾಡಿ ಆ ಸತ್ತವನ ಮುಖಕ್ಕೆ ತೂರಬೇಕು.

"ಏಳ್ರಿ ಭಾವ," ಎಂದಳು ಹೆಣಕ್ಕೆ. "ಊರಿಗೆಲ್ಲ ಹೇಳಿದ್ರಲ್ಲ, ಈಗ ಹೇಳ್ರಿ. ನಿಮ್ಮ ಹೆಂಡ್ತಿ ಕೈ ಐತೆ ಇಲ್ಲಿ. ಇದು ಯಾವ ದೇಶ?"

ಚಂದ್ರಶೇಖರ್ ಮೂಗು ಒರೆಸುವುದನ್ನೂ ಮರೆತ.

"ಒಡ್ದುಬಿಡು ರಾಧಾ," ಎಂದಳು ಗೀತಮ್ಮ, ತಲೆ ಎತ್ತದೆ. "ಆವತ್ತು ನಾನೂ ಸುಮ್ನೆ ನಿಂತಿದ್ದೆ."

"ಈಗ ಹೇಳ್ತೀಯೇನಕ್ಕಾ? ಇಷ್ಟು ವರ್ಷಕ್ಕೆ ಈಗ?" ರಾಧಮ್ಮ ಅವಳ ಮಣಿಕಟ್ಟನ್ನು ಬಲವಾಗಿ ಹಿಡಿದಳು. ಕಲ್ಲು ಎತ್ತಿದಳು. ಆಮೇಲೆ ಆ ಕಲ್ಲನ್ನು ಚಿನ್ನಯ್ಯನ ಕಾಲ ಬುಡಕ್ಕೆ ಬಿಸಾಕಿದಳು.

"ನನ್ ಕೈಲಿ ಆಗಲ್ಲ ಮಾವ. ಬೇಕಾದ್ರೆ ನೀವೇ ಒಡೀರಿ."

"ಗಂಡಸ್ರು ಮುಟ್ಟಂಗಿಲ್ಲಮ್ಮ..." ಚಿನ್ನಯ್ಯ ತಡವರಿಸಿ ಗುಂಪಿನಲ್ಲಿದ್ದ ಇನ್ನೊಬ್ಬ ವಿಧವೆಯ ಕಡೆ ತಿರುಗಿದ. "ಬೋರಕ್ಕಾ, ನೀನಾದ್ರೂ ಬಾ."

ಬೋರಕ್ಕ ತಲೆ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಕೂತಲ್ಲೇ ಕೂತಳು.

"ಹೆಣ ಎತ್ರಿ," ಎಂದಳು ರಾಧಮ್ಮ. "ಬಿಸ್ಲೇರ್ತೈತೆ."

ಕೊನೆಗೆ ಚಂದ್ರಶೇಖರ್ ಎದ್ದು ಚಟ್ಟಕ್ಕೆ ಹೆಗಲು ಕೊಟ್ಟ, ಉಳಿದವರೂ ಕೊಟ್ಟರು. ತಮಟೆ ಶುರುವಾಯಿತು. ಚಿನ್ನಯ್ಯ ಗೊಣಗುತ್ತ ಹಿಂದೆ ಹೋದ.

ತಮಟೆಯ ಸದ್ದು ಹೈವೇ ದಾಟಿದ ಮೇಲೆ ಗೀತಮ್ಮ ಮೆಲ್ಲಗೆ ಹೇಳಿದಳು. "ಬಿಡೇ ರಾಧಾ. ಕೈ ನೋಯ್ತೈತೆ."

ಆಗಿನಿಂದ ಹಿಡಿದೇ ಇದ್ದ ಬೆರಳನ್ನು ರಾಧಮ್ಮ ಸಡಿಲಿಸಿದಳು. ಅವಳದೇ ಬೋಳು ಕೈಯ ಅಂಗೈ ತುಂಬ ಗೀತಮ್ಮನ ಬಳೆಗಳ ಕೆಂಪು ಬರೆ ಸಾಲಾಗಿ ಎದ್ದಿತ್ತು.